ರಸ್ಕಿನ ಡಬ್ಬದಲ್ಲಿದ್ದ ಹೃದಯ

ಪೆಥಾಲಜಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ನನಗೆ ಸಿಟ್ಟು ತರಿಸುತ್ತದೆ. ಈ ಕೆಲಸದಲ್ಲಿ ಪೇಶೆಂಟ್‌ಗಳ ಕಿರಿಕಿರಿ ಇಲ್ಲ ಅಲ್ವಾ ಮೇಡಂ, ಎಂದು ಕೇಳುತ್ತಾರೆ. ಇಲ್ಲ ಎನ್ನಲಿ ಎಂಬ ಆಸೆ ಮುಖದಲ್ಲೇ ಕಾಣುತ್ತದೆ. ರೋಗಿಯ ಒಂದು ಚೂರು ಮಾಂಸ ಬರುತ್ತದೆ, ಅದನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತಾರೆ, ತೆಳ್ಳಗೆ ಕೊಯ್ದು ಗಾಜಿಗೆ ಅಂಟಿಸಿ ಬಣ್ಣ ಹಾಕುತ್ತಾರೆ, ನಾವು ನೋಡಿ ನಾಲ್ಕು ಸಾಲು ಬರೆದು ಸಹಿ ಹಾಕಿದರೆ ಮುಗಿಯಿತು. ನಾನೂ ಹಾಗೆಂದುಕೊಂಡೇ ಬಂದವಳು. ಈಗ ನಿವೃತ್ತಳಾಗಿ ಫಳ್ನೀರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಳಿತು, ಕೆಳಗೆ ಕ್ಲಿನಿಕ್ಕುಗಳ ಮುಂದೆ ಫೈಲು ಹಿಡಿದು ನಿಂತವರನ್ನು ನೋಡುವಾಗ, ಆ ಮಕ್ಕಳಿಗೆ ಸರಿಯಾದ ಉತ್ತರ ಕೊಡದೆ ಬರೀ ಗದರಿಸಿ ಕಳಿಸಿದೆನಲ್ಲ ಅನ್ನಿಸುತ್ತದೆ. ಭಾಷಣ ನನ್ನಿಂದಾಗದು. ನಡೆದದ್ದನ್ನು ಬರೆಯುತ್ತೇನೆ, ಬೇಕಾದವರು ಓದಿಕೊಳ್ಳಲಿ.

ನನಗೆ ಕೆಲಸ ಕಲಿಸಿದವರು ಶೆಣೈ ಸಾರ್. ನಾನು ಸೇರುವಾಗ ಅವರು ವಿಭಾಗದ ಮುಖ್ಯಸ್ಥರು. ಸಣಕಲು ದೇಹ, ದಪ್ಪ ಕನ್ನಡಕ, ಮಧ್ಯಾಹ್ನದ ಚಹಾಕ್ಕೆ ನಾಲ್ಕು ಗೋಳಿಬಜೆ ಇಲ್ಲದಿದ್ದರೆ ಯಾರ ವರದಿಗೂ ಸಹಿ ಇಲ್ಲ. ಮೊದಲ ವಾರವೇ ಅವರು ನನ್ನ ಮುಂದೆ ಒಂದು ಚರ್ಮದ ಸ್ಲೈಡ್ ಇಟ್ಟರು. ಮೈಯೆಲ್ಲ ನೀರ್ಗುಳ್ಳೆ ಎದ್ದ ಒಬ್ಬ ಹೆಂಗಸಿನದು. ಪುಸ್ತಕದಲ್ಲಿ ಓದಿದ ಚಿತ್ರ ಕಣ್ಣೆದುರೇ ಇತ್ತು. ನಾನು ಜಂಬದಿಂದ ರೋಗದ ಹೆಸರು ಹೇಳಿದೆ.

"ಹೆಸರು ನಾನು ಕೇಳಿದೆನಾ? ಎಲ್ಲಿ ಹರಿದದ್ದು, ಅದನ್ನು ಹೇಳು" ಎಂದರು.

ಮತ್ತೆ ನೋಡಿದೆ. ಜೀವಕೋಶಗಳು ಒಂದರಿಂದ ಒಂದು ಬಿಟ್ಟುಕೊಂಡು, ಗುಂಡಗಾಗಿ, ನೀರಿನಲ್ಲಿ ತೇಲುತ್ತಿದ್ದವು. ಕೋಶ ಕೋಶಗಳ ನಡುವೆ ಹರಿದಿದೆ ಸಾರ್ ಎಂದೆ. ಅವರು ತಮ್ಮ ಅಂಗಿಯ ಗುಂಡಿ ಹಿಡಿದು ಎಳೆದು ತೋರಿಸಿದರು. ಗುಂಡಿ ಕಿತ್ತು ಬರುವುದಕ್ಕೆ ಮೂರು ದಾರಿ. ಗುಂಡಿಯೇ ಒಡೆಯಬಹುದು, ಹೊಲಿದ ದಾರ ಸಡಿಲವಾಗಬಹುದು, ಎರಡೂ ಗಟ್ಟಿಯಿದ್ದು ಬಟ್ಟೆಯೇ ಹರಿಯಬಹುದು. ಹೊರಗಿನಿಂದ ನೋಡುವವನಿಗೆ ಮೂರೂ ಒಂದೇ, ಅಂಗಿ ತೆರೆದುಕೊಂಡಿದೆ. ಆದರೆ ದರ್ಜಿಗೆ ಮೂರೂ ಬೇರೆ.

ಚರ್ಮದ ಕೋಶಗಳು ಗೋಂದು ಹಚ್ಚಿ ಅಂಟಿಸಿದವಲ್ಲ ಎಂಬುದು ನನ್ನ ತಲೆಗೆ ಹೋದದ್ದು ಆ ದಿನ. ಅಕ್ಕಪಕ್ಕದ ಎರಡು ಕೋಶಗಳ ಗೋಡೆಯ ಮೇಲೆ ಎದುರುಬದುರಾಗಿ ಗುಂಡಿಗಳಿವೆ, ಅವು ಒಂದನ್ನೊಂದು ಹಿಡಿದುಕೊಂಡಿವೆ. ಅಷ್ಟೇ ಆದರೆ ಒಂದು ಎಳೆತಕ್ಕೆ ಕಿತ್ತು ಬರುತ್ತಿದ್ದವು. ಪ್ರತಿ ಕೋಶದ ಒಳಗೆ ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ಕೆರಾಟಿನ್ ಎಂಬ ಪ್ರೊಟೀನಿನ ಹುರಿಗಳನ್ನು ಬಿಗಿದು ಕಟ್ಟಿದೆ. ಹುರಿಯನ್ನು ಗುಂಡಿಗೆ ಕಟ್ಟುವ ಗಂಟುಗಳೂ ಪ್ರೊಟೀನುಗಳೇ. ಒಂದು ಕೋಶವನ್ನು ಎಳೆದರೆ ಆ ಎಳೆತ ಗುಂಡಿ ದಾಟಿ, ಗಂಟು ದಾಟಿ, ಹುರಿಯಲ್ಲಿ ಹರಿದು ಹತ್ತು ಕೋಶಗಳಿಗೆ ಹಂಚಿಹೋಗುತ್ತದೆ. ನಾವು ದಿನವಿಡೀ ಕೈ ಉಜ್ಜಿ, ಕಾಲು ಊರಿ ನಡೆದರೂ ಚರ್ಮ ಕಳಚಿ ಬೀಳದಿರುವುದು ಹೀಗೆ. ನನಗೆ ಆ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ಅಂಗೈ ನೋಡಿಕೊಳ್ಳುವುದೇ ಕೆಲಸವಾಯಿತು. ಪಕ್ಕದ ಹೆಂಗಸು ನಾನು ಕೈರೇಖೆ ನೋಡುವವಳೆಂದು ತಿಳಿದು ತನ್ನ ಕೈಯನ್ನೂ ಚಾಚಿದಳು.

ನೀರ್ಗುಳ್ಳೆ ರೋಗಕ್ಕೆ ಆಮೇಲೆ ಹೊಸ ಪರೀಕ್ಷೆ ಬಂತು. ರೋಗಿಯ ದೇಹವೇ ತನ್ನ ಗುಂಡಿಗಳ ವಿರುದ್ಧ ಶತ್ರುಗಳನ್ನು ಬಿಟ್ಟಿರುತ್ತದೆ, ಆ ಶತ್ರುಗಳಿಗೆ ಹೊಳೆಯುವ ಬಣ್ಣ ಅಂಟಿಸಿದರೆ ಕತ್ತಲೆ ಕೋಣೆಯ ಮೈಕ್ರೋಸ್ಕೋಪಿನಲ್ಲಿ ಕೋಶಗಳ ಅಂಚೆಲ್ಲ ಹಸುರಾಗಿ, ಥೇಟ್ ಮೀನಿನ ಬಲೆಯ ಹಾಗೆ ಬೆಳಗುತ್ತದೆ. ಪುಸ್ತಕಗಳಲ್ಲೂ ಅದಕ್ಕೆ ಬಲೆಯದೇ ಹೆಸರು. ಆದರೆ ಈ ಪರೀಕ್ಷೆಗೆ ಬರುವ ಚೂರನ್ನು ಮಾಂಸ ಕೆಡದಂತೆ ಕಾಯುವ ಫಾರ್ಮಾಲಿನ್‌ನಲ್ಲಿ ಹಾಕಬಾರದು, ಹಾಕಿದರೆ ಹೊಳಪೆಲ್ಲ ಹೋಯಿತು. ಊರಿನ ಕ್ಲಿನಿಕ್ಕುಗಳಿಗೆ ಫೋನು ಮಾಡಿ ಮಾಡಿ ನನ್ನ ಗಂಟಲು ಒಣಗಿತ್ತು. ಒಂದು ಕ್ಲಿನಿಕ್ಕಿನವರಿಗೆ, ಬೇರೆ ಏನೂ ಸಿಗದಿದ್ದರೆ ಉಪ್ಪುನೀರಿನಲ್ಲಿ ಹಾಕಿ ಕೂಡಲೇ ಕಳಿಸಿ ಎಂದೆ. ಗ್ಲೂಕೋಸಿನ ಬಾಟಲಿಯ ಪಕ್ಕದಲ್ಲೇ ತೂಗುವ ಸಲೈನ್ ಎಂಬುದು ಗೊತ್ತಿರುತ್ತದಲ್ಲ ಎಂದು ನನ್ನ ನಂಬಿಕೆ. ಅವರು ಅಡುಗೆಯ ಕಲ್ಲುಪ್ಪು ಕರಗಿಸಿ, ಅದರಲ್ಲಿ ಚೂರನ್ನು ಹಾಕಿ, ಆಟೋದಲ್ಲಿ ಕಳಿಸಿದರು. ಆಟೋ ನಂತೂರಿನ ಲಾರಿಗಳ ನಡುವೆ ಸಿಕ್ಕಿಕೊಂಡು ತಲಪುವಾಗ ಬಿಸಿಲು ನೆತ್ತಿಗೇರಿತ್ತು. ನಮ್ಮ ಲ್ಯಾಬಿನ ಹಿರಿಯ ಟೆಕ್ನಿಶಿಯನ್ ಜೆಸಿಂತಾ ಬಾಟಲಿ ಎತ್ತಿ ನೋಡಿ, "ಮೇಡಂ, ಉಪ್ಪಿನಕಾಯಿ ಬಂದದ್ದು ಉಂಟು" ಎಂದಳು. ರೋಗಿಯಿಂದ ಎರಡನೇ ಚೂರು ತೆಗೆಯಬೇಕಾಯಿತು. ಅಂದಿನಿಂದ ನಾನು ಫೋನಿನಲ್ಲಿ ಹೇಳುವುದನ್ನು ಬಿಟ್ಟು, ಸರಿಯಾದ ದ್ರವ ತುಂಬಿದ ಬಾಟಲಿಗಳನ್ನೇ ಎಲ್ಲರಿಗೂ ಹಂಚಿಬಿಟ್ಟೆ.

ಇನ್ನು ರಸ್ಕಿನ ಡಬ್ಬದ ವಿಷಯ. ಲ್ಯಾಬಿನಲ್ಲಿ ಹಳೆಯ ಮೇಣದ ಬ್ಲಾಕುಗಳನ್ನು ಕೆಲವು ವರ್ಷ ಇಟ್ಟು ಆಮೇಲೆ ವಿಲೇವಾರಿ ಮಾಡುವುದು ಪದ್ಧತಿ. ಜಾಗ ಎಲ್ಲಿಂದ ತರುವುದು? ಶೆಣೈ ಸಾರ್ ಮಾತ್ರ ತಮ್ಮ ಮೇಜಿನ ಕೆಳಗೆ ಬೇಕರಿಯ ದೊಡ್ಡ ತಗಡಿನ ಡಬ್ಬವೊಂದನ್ನು ಇಟ್ಟಿದ್ದರು. ಎಲ್ಲಿ ಹರಿದದ್ದು ಎಂಬ ಪ್ರಶ್ನೆಗೆ ಉತ್ತರ ಸಿಗದ ಬ್ಲಾಕುಗಳು, ನಂಬರು ಸಮೇತ, ಅದರೊಳಗೆ ಹೋಗುತ್ತಿದ್ದವು. ಉತ್ತರ ಸಿಕ್ಕಿದ ದಿನ ಬ್ಲಾಕ್ ಹೊರಗೆ. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟಬಾರದು. ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು. ಒಮ್ಮೆ ಹೊಸದಾಗಿ ಬಂದ ಡಾಕ್ಟರೊಬ್ಬ ಚಹಾದ ಹೊತ್ತಿಗೆ ನಿಜವಾದ ರಸ್ಕ್ ಎಂದು ಕೈ ಹಾಕಿ, ಒಂದು ಪಿತ್ತಕೋಶವನ್ನು ಹೊರಗೆ ತೆಗೆದಿದ್ದ. ಅವನು ಮತ್ತೆ ಬೇಕರಿ ತಿಂಡಿಯನ್ನು ಮೂಸದೆ ತಿಂದದ್ದು ನಾನು ಕಾಣೆ.

ಸಾರ್ ನಿವೃತ್ತರಾಗುವ ಸ್ವಲ್ಪ ಮೊದಲು ಒಂದು ಹೃದಯ ಬಂತು. ಫುಟ್‌ಬಾಲ್ ಆಡುತ್ತಿದ್ದಾಗ ಮೈದಾನದಲ್ಲೇ ಕುಸಿದು ತೀರಿಕೊಂಡ ಹದಿಹರೆಯದ ಹುಡುಗನದು. ಶವಪರೀಕ್ಷೆ ಮಾಡಿದವರು ಕಾರಣ ಕಾಣದೆ ನಮಗೆ ಕಳಿಸಿದ್ದರು. ಕೈಯಲ್ಲಿ ಹಿಡಿದರೆ ಬಲಭಾಗದ ಗೋಡೆ ತೆಳ್ಳಗೆ, ಹಳದಿಯಾಗಿ, ಬೆಳಕು ಹಾಯುವಂತಿತ್ತು. ಸ್ಲೈಡಿನಲ್ಲಿ ಮಾಂಸ ಇರಬೇಕಾದ ಕಡೆ ಕೊಬ್ಬು, ಕೊಬ್ಬಿನ ನಡುವೆ ಗಾಯ ಮಾಗಿದ ನಾರು. ಆಡಿ ಬೆಳೆಯುವ ಹುಡುಗನ ಹೃದಯಕ್ಕೆ ಇದೆಲ್ಲಿಂದ ಬಂತು ಎಂದು ಸಾರ್ ಮೂರು ದಿನ ಅದನ್ನೇ ನೋಡಿದರು. ಮಾಂಸದ ಕೋಶಗಳು ಸತ್ತು ಆ ಜಾಗವನ್ನು ಕೊಬ್ಬು ತುಂಬಿದೆ, ಅದು ಗೊತ್ತು. ಆದರೆ ಯಾಕೆ ಸತ್ತವು? ಆಗಿನ ಬಣ್ಣಗಳಿಗೆ ಅದನ್ನು ಹೇಳುವ ಶಕ್ತಿ ಇರಲಿಲ್ಲ. ಹೃದಯದ ಮಾಂಸದ್ದೇ ಕಾಯಿಲೆ, ಒಡಹುಟ್ಟಿದವರನ್ನೂ ಪರೀಕ್ಷಿಸುವುದು ಒಳ್ಳೆಯದು ಎಂದು ವರದಿ ಬರೆದರು. ವರದಿ ಕೇಳಿದವರ ಫೈಲಿಗೆ ಹೋಯಿತು. ಬ್ಲಾಕ್ ಡಬ್ಬಕ್ಕೆ ಹೋಯಿತು. ಬೀಳ್ಕೊಡುಗೆಯ ದಿನ ಸಾರ್ ನನಗೆ ಕೊಟ್ಟ ಉಡುಗೊರೆ ಆ ಡಬ್ಬ.

ಆಮೇಲೆ ಕಾಲ ಬದಲಾಯಿತು. ಒಂದೊಂದು ಪ್ರೊಟೀನಿಗೂ ಒಂದೊಂದು ಬಣ್ಣ ಕಟ್ಟುವ ಪರೀಕ್ಷೆಗಳು ನಮ್ಮಲ್ಲಿಗೂ ಬಂದವು. ಫಾರ್ಮಾಲಿನ್‌ನಲ್ಲಿ ಬಿಗಿದುಹೋದ ಹಳೆಯ ಮಾಂಸ ಬಣ್ಣ ಹಿಡಿಯಬೇಕಾದರೆ ಮೊದಲು ಅದನ್ನು ಬೇಯಿಸಬೇಕು. ಅದಕ್ಕೆ ನಾವು ತಂದದ್ದು ಅಡುಗೆಮನೆಯ ಪ್ರೆಶರ್ ಕುಕ್ಕರನ್ನೇ. ಸ್ಲೈಡುಗಳನ್ನು ದ್ರವದಲ್ಲಿ ಮುಳುಗಿಸಿ ಕುಕ್ಕರಿಗೆ ಇಟ್ಟು ಜೆಸಿಂತಾ ಸೊಂಟಕ್ಕೆ ಕೈಕೊಟ್ಟು ಸೀಟಿಗೆ ಕಾಯುತ್ತಿದ್ದಳು. ನಾನು ಮದುವೆಯಾಗಿ ಇಷ್ಟು ವರ್ಷವಾದರೂ ಮನೆಯಲ್ಲಿ ಕುಚ್ಚಲಕ್ಕಿಗೆ ಎಷ್ಟು ಸೀಟಿ ಎಂದು ಕೇಳಿದರೆ ತಡಬಡಿಸುತ್ತೇನೆ, ಸ್ಲೈಡಿಗೆ ಎಷ್ಟೆಂದು ನಿದ್ದೆಯಲ್ಲೂ ಹೇಳುತ್ತೇನೆ.

ಆ ದಿನಗಳಲ್ಲೇ ಫಳ್ನೀರಿನ ಚರ್ಮದ ಡಾಕ್ಟರು ಕಿರಣ್ ಒಂದು ಅಂಗೈಯ ಬಯಾಪ್ಸಿ ಕಳಿಸಿದರು. ವಯಸ್ಸಿನ್ನೂ ಚಿಕ್ಕದು, ಪಾಪ, ಕೆಲಸ ಬಲ್ಲವರು. ಚೀಟಿಯಲ್ಲಿ ಬರೆದಿತ್ತು: ಮದುವೆ ಗೊತ್ತಾದ ಹುಡುಗಿ, ಮಿಸ್ರಿಯಾ, ಊರು ಬೆಂಗ್ರೆ, ತಂದೆಗೆ ಬಂದರಿನಲ್ಲಿ ಬಲೆ ಹಗ್ಗದ ಅಂಗಡಿ, ಹಗ್ಗ ಅಳೆದು ಕೊಡುವ ಕೆಲಸದಿಂದ ಅಂಗೈ ದಪ್ಪಗಟ್ಟಿದೆ, ಬೇರೇನಾದರೂ ಇದೆಯೇ ನೋಡಿ. ಕಡಲ ಬದಿಯ ನಮಗೆ ಇದರಲ್ಲಿ ವಿಶೇಷವೇ ಇಲ್ಲ. ಬಂದರಿನಿಂದ ಫೆರಿಯಲ್ಲಿ ಹೊಳೆ ದಾಟಿದರೆ ಸಿಗುವ ಬೆಂಗ್ರೆಯಲ್ಲಿ ಹಗ್ಗ ಎಳೆಯುವವರ, ಬಲೆ ನೇಯುವವರ ಕೈ ಮುಟ್ಟಿದರೆ ಎಲ್ಲವೂ ದಪ್ಪವೇ. ಯಾರೂ ಅದನ್ನು ರೋಗ ಎನ್ನುವುದಿಲ್ಲ.

ನಾನು ಸ್ಲೈಡ್ ಇಟ್ಟೆ. ಮೇಲಿನ ಪದರ ಸಿಕ್ಕಾಪಟ್ಟೆ ದಪ್ಪ, ಸರಿ, ಹಗ್ಗದ ಕೆಲಸವೂ ಹಾಗೆ ಮಾಡುತ್ತದೆ. ಆದರೆ ಕೆಳಗೆ ಕೋಶಗಳ ನಡುವೆ ಸಂದುಗಳು. ಪೂರ್ತಿ ಬಿಟ್ಟುಕೊಂಡಿಲ್ಲ, ನೀರ್ಗುಳ್ಳೆಯಿಲ್ಲ, ಆದರೆ ಒಂದಕ್ಕೊಂದು ಹಿಡಿತ ಸಡಿಲ. ಹಗ್ಗ ಎಳೆದು ದಪ್ಪವಾದ ಕೈಯಲ್ಲಿ ಕೋಶಗಳು ಇನ್ನಷ್ಟು ಬಿಗಿಯಾಗಿರಬೇಕು. ಇಲ್ಲಿ ಗುಂಡಿ ಉಂಟು, ಹುರಿಯೂ ಉಂಟು, ಮತ್ತೆ ಎಲ್ಲಿ ಹರಿದದ್ದು? ನನ್ನ ತಲೆಗೆ ಹುಳ ಬಿಟ್ಟಂತಾಯಿತು. ದಪ್ಪ ಚರ್ಮ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಕಿರಣ್‌ಗೆ ಫೋನು ಮಾಡಿ ಹುಡುಗಿಯನ್ನು ನೋಡಬೇಕು ಎಂದೆ. ಪೆಥಾಲಜಿಸ್ಟ್ ರೋಗಿಯನ್ನು ನೋಡುವುದೆಂದರೆ ಏನೋ ಅನಾಹುತವೇ ಎಂದು ಅವರು ಗಾಬರಿಯಾದರು.

ಮರುದಿನ ಮಿಸ್ರಿಯಾ ತಾಯಿ ಆಸ್ಯಮ್ಮನ ಜೊತೆ ನನ್ನ ಕೋಣೆಗೆ ಬಂದಳು. ಕಿರಣ್ ಕೂಡ ಬಂದಿದ್ದರು. ಚುರುಕಿನ ಹುಡುಗಿ, ತಲೆಗೆ ಶಾಲು ಸುತ್ತಿಕೊಂಡು ಕಣ್ಣಿನಲ್ಲೇ ನಗುವವಳು. ನನಗೆ ಮದುವೆಗೆ ಕೈ ಸಾಫ್ ಆಗಬೇಕು ಡಾಕ್ಟ್ರೇ, ಅಷ್ಟೇ ಎಂದಳು. ಗೆಳತಿಯ ಮದುವೆಯ ಮದರಂಗಿಗೆ ಎಲ್ಲರ ಕೈ ಕೆಂಪಾಗಿ ಅರಳಿದಾಗ ಇವಳ ಕೈ ಇದ್ದಿಲಿನ ಹಾಗೆ ಕಪ್ಪಾಯಿತಂತೆ. ಮದರಂಗಿ ಬಣ್ಣ ಹಿಡಿಯುವುದು ಕೆರಾಟಿನ್‌ಗೆ, ಪದರ ದಪ್ಪವಿದ್ದಷ್ಟೂ ಬಣ್ಣ ಕಡು. ಮದರಂಗಿ ಕಪ್ಪಾದವಳಿಗೆ ಅತ್ತೆಯ ಪ್ರೀತಿ ಜಾಸ್ತಿ ಎಂದು ಹುಡುಗಿಯರೆಲ್ಲ ತಮಾಷೆ ಮಾಡಿದರು, ಅವಳೂ ನಕ್ಕಳು, ಮನೆಗೆ ಬಂದು ಕೈ ಉಜ್ಜಿ ಉಜ್ಜಿ ಅತ್ತಳು. ಮದುಮಗನ ಮನೆಯವರು ತನ್ನ ಮದರಂಗಿಯ ದಿನ ಇದನ್ನು ನೋಡಬಾರದು ಎಂಬುದೊಂದೇ ಅವಳ ಚಿಂತೆ.

ಅಂಗೈ ನೋಡಿದೆ. ಆಮೇಲೆ ಚಪ್ಪಲಿ ಬಿಚ್ಚಿಸಿ ಪಾದ ನೋಡಿದೆ. ಅದೂ ಹಾಗೇ ದಪ್ಪ, ಹಳದಿ.

"ಕಾಲಿನಲ್ಲೂ ಹಗ್ಗ ಎಳೀತಿಯಾ ಮಾರಾಯ್ತಿ?" ಎಂದು ಕೇಳಿದೆ.

ಹುಡುಗಿ ನಕ್ಕಳು. ತಾಯಿ ನಗಲಿಲ್ಲ. ಕಿರಣ್ ಪಾದ ನೋಡಿ ಹುಬ್ಬೇರಿಸಿದರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ, ಈ ಅಂಗೈಗೆ ಕನ್ನಡಿ ಸಾಲದು, ಮೈಕ್ರೋಸ್ಕೋಪೂ ಸಾಲದು ಅನ್ನಿಸಿತು ನನಗೆ. ಚರ್ಮ ಬಿಟ್ಟರೆ ಕೆರಾಟಿನ್ ಹುರಿಗಳು ತುಂಬಿರುವುದು ಕೂದಲಿನಲ್ಲಿ. ಅದು ಶಾಲಿನ ಒಳಗಿದೆ. ಕಿರಣ್ ಕೇಳಿರಲಿಲ್ಲ, ಗಂಡಸು ಡಾಕ್ಟರ ಮುಂದೆ ಅವಳೂ ತೆಗೆಯುವವಳಲ್ಲ. ಅವರನ್ನು ಚಹಾ ಕುಡಿದು ಬನ್ನಿ ಎಂದು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಕೂದಲು ನೋಡಬಹುದಾ ಎಂದು ಕೇಳಿದಾಗ ಮಿಸ್ರಿಯಾ ತಾಯಿಯ ಮುಖ ನೋಡಿ, ನಿಧಾನಕ್ಕೆ ಶಾಲು ತೆಗೆದಳು. ಗಿಡ್ಡ, ಬಿಗಿಯಾದ ಸುರುಳಿ, ಬಾಚಣಿಗೆ ಹೋಗದ ಉಣ್ಣೆಯಂಥ ಕೂದಲು.

"ಹುಟ್ಟುವಾಗಲೇ ಹೀಗೆ" ಎಂದರು ಆಸ್ಯಮ್ಮ. "ಇವಳಿಗೂ ಇವಳ ಅಣ್ಣನಿಗೂ. ನಮ್ಮಲ್ಲಿ ಬೇರೆ ಯಾರಿಗೂ ಇಲ್ಲ."

 ಗುಂಡಿ ಹುರಿಗಳ ಈ ಕಟ್ಟು ಚರ್ಮದಲ್ಲಿ ಮಾತ್ರ ಇರುವುದಲ್ಲ. ಬಿಡುವಿಲ್ಲದೆ ಎಳೆತ ತಿನ್ನುವ ಇನ್ನೊಂದು ಜಾಗ ಹೃದಯ. ಅಲ್ಲಿಯ ಹುರಿ ಬೇರೆ, ಕೆರಾಟಿನ್ ಅಲ್ಲ, ಡೆಸ್ಮಿನ್. ಆದರೆ ಹುರಿಯನ್ನು ಗುಂಡಿಗೆ ಕಟ್ಟುವ ಗಂಟು ಅದೇ. ಚರ್ಮದಲ್ಲಿ ಗಂಟು ಸಡಿಲವಾದರೆ ಅಂಗೈ ದಪ್ಪವಾಗುತ್ತದೆ, ಕೂದಲು ಸುರುಳಿಯಾಗುತ್ತದೆ, ಜೀವಕ್ಕೇನೂ ಆಗದು. ಹೃದಯದಲ್ಲಿ ಸಡಿಲವಾದರೆ ಪ್ರತಿ ಬಡಿತಕ್ಕೂ ಕೋಶಗಳು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡು ಸಾಯುತ್ತವೆ, ಆ ಜಾಗಕ್ಕೆ ಕೊಬ್ಬು ಬರುತ್ತದೆ, ಒಂದು ದಿನ ಬಡಿತ ದಾರಿ ತಪ್ಪುತ್ತದೆ. ಇಂಥ ಮನೆತನಗಳ ಬಗ್ಗೆ ಓದಿದ್ದೆ, ಕಂಡಿರಲಿಲ್ಲ. ಅಣ್ಣ ಎಲ್ಲಿದ್ದಾನೆ ಎಂದು ಕೇಳಿದೆ.

ಆಸ್ಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ರಫೀಕ್ ಎಂದು ಅವನ ಹೆಸರು. ಬೆಂಗ್ರೆಯ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಿದ್ದವನು ಬಾಲಿನ ಹಿಂದೆ ಓಡುವಾಗ ಬಿದ್ದ, ಏಳಲಿಲ್ಲ. ಯಾಕೆ ಹೋದ ಎಂದು ಯಾರೂ ಹೇಳಲಿಲ್ಲ. ಹೃದಯವನ್ನು ಪರೀಕ್ಷೆಗೆ ಕಳಿಸಿದ್ದಾರೆ ಎಂದು ಆಗ ಯಾರೋ ಹೇಳಿದ್ದರು, ಆ ಕಾಗದ ಅವರ ಕೈಗೆ ಬಂದೇ ಇಲ್ಲ.

ಮಿಸ್ರಿಯಾಳಿಗೆ ಯಾವಾಗಲಾದರೂ ತಲೆ ತಿರುಗಿದ್ದುಂಟೇ ಎಂದು ಕೇಳಿದೆ. ಫೆರಿ ಹತ್ತುವಾಗ ಒಂದೆರಡು ಸಲ ಕಣ್ಣು ಕತ್ತಲೆ ಬಂದದ್ದುಂಟು, ಬಿಸಿಲಿಗೆ ಇರಬೇಕು ಎಂದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಣ್ಣನಿಗೆ ಇದ್ದದ್ದೇ ನಿನಗೂ ಇರಬಹುದು, ಇವತ್ತೇ ಹೃದಯದ ಡಾಕ್ಟರನ್ನು ನೋಡಬೇಕು, ಇದ್ದರೆ ಅವನ ಹಾಗೆ ಆಗದಂತೆ ತಡೆಯುವ ಉಪಾಯ ಈಗ ಇದೆ ಎಂದೆ. ಹುಡುಗಿ ಬಿಳಿಚಿಕೊಂಡಳು.

ಆಸ್ಯಮ್ಮ ಎದ್ದು ನಿಂತರು. "ಮದುವೆಯೊಂದು ಆಗಲಿ ಡಾಕ್ಟ್ರೇ. ಆಮೇಲೆ ಎಂತ ಬೇಕಾದ್ರೂ ಮಾಡುವ."

ಹೃದಯದ ರೋಗ ಎಂಬ ಮಾತು ಹೊರಬಿದ್ದರೆ ಸಂಬಂಧ ಮುರಿಯುತ್ತದೆ, ಇನ್ನೊಂದು ಬರುವುದಿಲ್ಲ, ಮಗಳ ಕೈ ದಪ್ಪ ಎಂಬುದಕ್ಕೇ ಎಷ್ಟು ಕಡೆ ತಪ್ಪಿಹೋಗಿದೆ ಎಂದು ಗೊತ್ತಾ ಎಂದು ನನ್ನನ್ನೇ ಕೇಳಿದರು. ಇರುವುದೊಬ್ಬಳೇ ಮಗಳು. ನಾನು ಸಿಟ್ಟಿನ ಹೆಂಗಸು. ಮದುವೆ ಮುಖ್ಯವಾ ಮಗಳು ಮುಖ್ಯವಾ ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ. ಅವರು ಮಗಳ ಕೈ ಹಿಡಿದುಕೊಂಡು ಹೊರಟೇಹೋದರು. ಚಹಾ ಮುಗಿಸಿ ಬಂದ ಕಿರಣ್ ಕಂಡದ್ದು ಖಾಲಿ ಕುರ್ಚಿಗಳನ್ನು.

ನಾನು ಮೇಜಿನ ಕೆಳಗಿನಿಂದ ಡಬ್ಬ ಎಳೆದೆ. ಆಡುತ್ತಾ ಬಿದ್ದ ಹುಡುಗನ ಬ್ಲಾಕ್ ಅಲ್ಲೇ ಇತ್ತು. ನಂಬರು ಹಿಡಿದು ನೋಡಿದರೆ ಹೆಸರು ರಫೀಕ್, ಊರು ಬೆಂಗ್ರೆ. ಜೆಸಿಂತಾ ತೆಳುವಾಗಿ ಕೊಯ್ದಳು, ಕುಕ್ಕರಿಗೆ ಇಟ್ಟಳು. ಎರಡು ಬಣ್ಣ ಹಾಕಿಸಿದೆ. ಒಂದು, ಗುಂಡಿಗಳ ಬಳಿಯೇ ಇರುವ ಬೇರೊಂದು ಪ್ರೊಟೀನಿಗೆ, ಇಷ್ಟು ಹಳೆಯ ಮಾಂಸ ಕೆಟ್ಟಿಲ್ಲ ತಾನೇ ಎಂದು ತಿಳಿಯಲು. ಇನ್ನೊಂದು, ಹುರಿಯನ್ನು ಗುಂಡಿಗೆ ಕಟ್ಟುವ ಪ್ಲಾಕೊಗ್ಲೋಬಿನ್ ಎಂಬ ಗಂಟಿಗೆ. ಮೊದಲನೆಯದರಲ್ಲಿ ಕೋಶ ಕೋಶ ಕೂಡುವ ಕಡೆಯೆಲ್ಲ ಕಂದು ಗೆರೆಗಳು ಚೆನ್ನಾಗಿ ಮೂಡಿದ್ದವು. ಎರಡನೆಯದರಲ್ಲಿ ಅದೇ ಜಾಗಗಳು ಬೋಳು. ಮಿಸ್ರಿಯಾಳ ಅಂಗೈಯ ಚೂರಿಗೂ ಅದೇ ಬಣ್ಣ ಹಾಕಿಸಿದೆ, ಅಲ್ಲೂ ಹಾಗೇ. ಶೆಣೈ ಸಾರ್‌ಗೆ ಫೋನು ಮಾಡಿ, ಡಬ್ಬದ ಹುಡುಗನಿಗೂ ಅವನ ತಂಗಿಗೂ ಗುಂಡಿಯಲ್ಲ, ಹುರಿಯಲ್ಲ, ಗಂಟಿನಲ್ಲಿ ಹರಿದದ್ದು ಎಂದೆ.  ತಂಗಿ ಇನ್ನೂ ಇದ್ದಾಳಾ ಎಂದು ಅವರು ಕೇಳಿದರು.

ಅವಳಿದ್ದಳು, ಬೆಂಗ್ರೆಯಲ್ಲಿ, ಮದುವೆಯ ಸೀರೆ ಆರಿಸುತ್ತ. ಫೋನು ಎತ್ತುತ್ತಿರಲಿಲ್ಲ. ನಾನು ಬಂದರಿಗೆ ನಡೆದು ಹಸನಬ್ಬರ ಅಂಗಡಿ ಹುಡುಕಿದೆ. ಹಸನಬ್ಬ ಮಿಸ್ರಿಯಾಳ ತಂದೆ, ಮಾತು ಕಡಿಮೆ. ಹಗ್ಗದ ಸುರುಳಿಗಳ ನಡುವೆ ನಿಂತು ಪೂರ್ತಿ ಕೇಳಿಸಿಕೊಂಡರು. ನಿಮ್ಮ ಮಗ ಯಾಕೆ ಹೋದ ಎಂದು ನನಗೆ ಈಗ ಗೊತ್ತು, ನೀವಿಬ್ಬರೂ ಬಂದು ನೋಡಿ ಎಂದೆ. ಅವರು ಅಂಗಡಿಯ ಅರ್ಧ ಬಾಗಿಲು ಎಳೆದು, ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಂಡು ಆ ದಿನ ಸಂಜೆಯೊಳಗೇ ಬಂದರು.

ಎರಡು ಸ್ಲೈಡುಗಳನ್ನು ತೋರಿಸಿದೆ. ಮೊದಲು ಬೇರೊಬ್ಬರ ಆರೋಗ್ಯವಂತ ಹೃದಯ, ಆಮೇಲೆ ಇದು. ಆಸ್ಯಮ್ಮ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ತುಂಬ ಹೊತ್ತು ಬಗ್ಗಿದ್ದರು. ಗೆರೆ ಇಲ್ಲದ್ದು ಕಾಣ್ತದೆ ಎಂದರು. ಆಮೇಲೆ ಕಣ್ಣು ತೆಗೆಯದೆಯೇ ಕೇಳಿದರು.

"ಇದು ರಫೀಕನದ್ದಾ?"

ಹೌದು ಎಂದೆ. ಮಣ್ಣು ಮಾಡಿ ಬಂದ ಮಗನ ಒಂದು ತುಂಡು ಇಷ್ಟು ವರ್ಷ ನನ್ನ ಮೇಜಿನ ಕೆಳಗಿತ್ತು ಎಂಬುದು ಆ ತಾಯಿಗೆ ಏನೆನ್ನಿಸೀತು ಎಂದು ನಾನು ಅದುವರೆಗೂ ಯೋಚಿಸಿರಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಬೈದರೆ ಕೇಳಿಸಿಕೊಳ್ಳುವುದೇ ಸರಿ. ಅವರು ನಿಧಾನಕ್ಕೆ ನೆಟ್ಟಗಾಗಿ ಮೈಕ್ರೋಸ್ಕೋಪಿನ ಮೇಲೆ ಕೈಯಿಟ್ಟರು, ಮಕ್ಕಳ ತಲೆಯ ಮೇಲೆ ಇಡುವ ಹಾಗೆ.

"ಇವಳನ್ನು ಹೃದಯದ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ" ಎಂದರು ಗಂಡನಿಗೆ. "ನಾಳೆ ಅಲ್ಲ, ಈಗ."

ಮಿಸ್ರಿಯಾಳ ಹೃದಯದಲ್ಲಿ ಆಗಲೇ ಬಡಿತ ದಾರಿ ತಪ್ಪುತ್ತಿತ್ತು. ಬಲಗೋಡೆ ತೆಳ್ಳಗಾಗತೊಡಗಿತ್ತು. ಬಡಿತ ಕೆಟ್ಟರೆ ತಾನೇ ಗೊತ್ತು ಹಚ್ಚಿ ಶಾಕ್ ಕೊಡುವ ಒಂದು ಯಂತ್ರವನ್ನು ಭುಜದ ಕೆಳಗೆ ಚರ್ಮದೊಳಗೆ ಕೂರಿಸಿದರು. ರಕ್ತವನ್ನು ಹೊರಗೆ ಕಳಿಸಿ ಜೀನ್ ಪರೀಕ್ಷೆ ಮಾಡಿಸಿದಾಗ ತಪ್ಪು ಆ ಗಂಟಿನ ಪ್ರೊಟೀನಿನಲ್ಲೇ ಎಂದು ಖಚಿತವಾಯಿತು. ಆಸ್ಯಮ್ಮ ಹಸನಬ್ಬ ಸೋದರ ಸಂಬಂಧದಲ್ಲಿ ಮದುವೆಯಾದವರು, ಇಬ್ಬರಲ್ಲೂ ಅರ್ಧರ್ಧ ಅಡಗಿದ್ದದ್ದು ಮಕ್ಕಳಲ್ಲಿ ಪೂರ್ತಿಯಾಗಿ ಬಂದಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಅವರಿಗೆ ಹೇಳಿ ಹೇಳಿ ನನಗೆ ಸಾಕಾಯಿತು.

ಮದುವೆ ಮುಂದೆ ಹೋಯಿತು, ಮುರಿಯಲಿಲ್ಲ. ಮದುಮಗ ಅಶ್ರಫ್‌ನನ್ನು ಮಿಸ್ರಿಯಾಳೇ ನನ್ನ ಹತ್ತಿರ ಕರೆತಂದಳು. ನೀವೇ ಎಲ್ಲ ಹೇಳಿ, ನನ್ನಿಂದ ಆಗುವುದಿಲ್ಲ ಎಂದಳು. ನಾನು ಗುಂಡಿ, ಗಂಟು, ಹುರಿ ಎಲ್ಲ ಬಿಡಿಸಿ ಹೇಳಿದೆ. ಓಟ, ಭಾರ ಎತ್ತುವುದು ಇನ್ನು ಇಲ್ಲ, ಮಾತ್ರೆ ತಪ್ಪಿಸಬಾರದು, ಯಂತ್ರದ ಬ್ಯಾಟರಿ ಮುಗಿದಾಗ ಬದಲಿಸಬೇಕು ಎಂದೆ. ಹುಡುಗ ಗಂಭೀರವಾಗಿ ತಲೆಯಾಡಿಸಿ, "ನನ್ನ ಬೈಕಿಗೂ ಸೆಲ್ಫ್ ಸ್ಟಾರ್ಟ್ ಉಂಟು ಮೇಡಂ, ಅದು ಇದ್ದರೆ ಒಳ್ಳೆದೇ" ಎಂದ. ಮಿಸ್ರಿಯಾ ಅವನ ತೋಳಿಗೆ ಗುದ್ದಿದಳು. ಅವನ ರಕ್ತವನ್ನೂ ಪರೀಕ್ಷಿಸಿದೆವು, ಆ ತಪ್ಪು ಅವನಲ್ಲಿರಲಿಲ್ಲ. ಮದರಂಗಿಗೆ ನನ್ನನ್ನೂ ಕರೆದಿದ್ದರು. ಕಿರಣ್ ಕೊಟ್ಟ ಮುಲಾಮಿಗೆ ಅಂಗೈ ಸ್ವಲ್ಪ ಮೆತ್ತಗಾಗಿತ್ತು ಅಷ್ಟೇ, ಬಣ್ಣ ಮತ್ತೆ ಇದ್ದಿಲಿನಂತೆಯೇ ಹಿಡಿದಿತ್ತು. ಈ ಸಲ ಅವಳು ಕೈ ಬಚ್ಚಿಡಲಿಲ್ಲ. ಬಂದವರಿಗೆಲ್ಲ ತೋರಿಸಿ, ಎಲ್ಲರಿಗಿಂತ ನನಗೇ ಅತ್ತೆಯ ಪ್ರೀತಿ ಜಾಸ್ತಿ ಎನ್ನುತ್ತಿದ್ದಳು.

ನನ್ನ ಸೇವೆಯ ಕೊನೆಯ ವರ್ಷ ಒಂದು ಬೆಳಿಗ್ಗೆ ಮಿಸ್ರಿಯಾ, ಅಶ್ರಫ್, ತಂದೆ ತಾಯಿ ನಾಲ್ವರೂ ಲ್ಯಾಬಿಗೆ ಬಂದರು. ಮಿಸ್ರಿಯಾ ಮಾತಾಡುವ ಆತುರದಲ್ಲಿದ್ದಳು. ಹಿಂದಿನ ವಾರ ತಂದೆಯ ಅಂಗಡಿಯಲ್ಲಿ ನಿಂತಿದ್ದಾಗ ಒಮ್ಮೆಲೇ ಎದೆ ಹಾರಿ ಕಣ್ಣು ಕತ್ತಲಾಯಿತಂತೆ. ಬೀಳುತ್ತೇನೆ ಎಂದು ಗೊತ್ತಾಯಿತು, ಆಮೇಲೆ ಗೊತ್ತಾದದ್ದು ಎದೆಗೆ ಕತ್ತೆ ಒದ್ದಂಥ ಒಂದು ಒದೆ. ಕಣ್ಣು ಬಿಟ್ಟರೆ ಹಗ್ಗದ ಸುರುಳಿಯ ಮೇಲೆ ಬಿದ್ದಿದ್ದಳು, ತಂದೆ ಹೆಸರು ಹಿಡಿದು ಕೂಗುತ್ತಿದ್ದರು. ಯಂತ್ರವನ್ನು ಪರೀಕ್ಷಿಸಿದ ಹೃದಯದ ಡಾಕ್ಟರು, ಅದು ಇಲ್ಲದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು ಎಂದರಂತೆ. ಅವಳು ಅದನ್ನು ತಮಾಷೆಯಾಗಿ ಹೇಳಲು ನೋಡಿದಳು, ಆಗಲಿಲ್ಲ. ನನಗೂ ಕೇಳುವಾಗ ಕಣ್ಣು ತುಂಬಿತು, ಅದನ್ನು ಅಡಗಿಸುವ ವಯಸ್ಸು ಮೀರಿತ್ತು.

 ಎಲ್ಲ ಮುಗಿದ ಮೇಲೆ ಆಸ್ಯಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಅವನ ಕೆಲಸ ಮುಗಿಯಿತಲ್ಲ ಡಾಕ್ಟ್ರೇ" ಎಂದರು. "ಇನ್ನು ಅವನನ್ನು ಮನೆಗೆ ಕಳಿಸಿ."

ಅವರು ಕೇಳುತ್ತಿರುವುದು ರಫೀಕನ ಬ್ಲಾಕನ್ನು ಎಂದು ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಕೇಸು ಮುಗಿದು ವರ್ಷಗಳಾಗಿದ್ದವು, ಮನೆಯವರು ಬರೆದು ಕೊಟ್ಟರೆ ಬ್ಲಾಕ್ ಕೊಡಲು ಅಡ್ಡಿಯಿಲ್ಲ ಎಂದು ಮೇಲಿನವರೂ ಹೇಳಿದರು. ಡಬ್ಬದ ನಿಯಮವೂ ಅದೇ ಅಲ್ಲವೇ, ಉತ್ತರ ಸಿಕ್ಕಿದ ಮೇಲೆ ಬ್ಲಾಕ್ ಒಳಗಿರಬಾರದು, ನಾನೇ ತೆಗೆಯಲು ಮನಸ್ಸಾಗದೆ ಉಳಿಸಿಕೊಂಡಿದ್ದೆ. ಜೆಸಿಂತಾ ಅದನ್ನು ಒರೆಸಿ, ಹೊಸ ಬಿಳಿ ಕರವಸ್ತ್ರದಲ್ಲಿ ಸುತ್ತಿ ತಂದಳು. ಬೆಲ್ಲದ ಚೂರಿನಷ್ಟೇ ದೊಡ್ಡದು. ಹಸನಬ್ಬ ಎರಡೂ ಕೈಯಲ್ಲಿ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿದರು. ಮಗನ ಗೋರಿಯ ಬದಿಯಲ್ಲೇ ಇಡುತ್ತೇನೆ, ಮಸೀದಿಯ ಗುರುಗಳ ಹತ್ತಿರ ಕೇಳಿದ್ದೇನೆ ಎಂದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ.

ಹಾಗಾಗಿ, ಮಕ್ಕಳೇ, ಪೇಶೆಂಟ್‌ಗಳ ಕಿರಿಕಿರಿ ಇಲ್ಲ ಅಲ್ವಾ ಎಂದು ನನ್ನನ್ನು ಕೇಳಬೇಡಿ. ಆ ದಿನ ನಾನು ಸ್ಲೈಡುಗಳನ್ನು ಹಾಗೇ ಬಿಟ್ಟು ಅವರ ಜೊತೆ ಫೆರಿಯವರೆಗೆ ಹೋದೆ. ಅವರು ಹತ್ತಿದರು, ಫೆರಿ ದಡ ಬಿಟ್ಟು ಒಮ್ಮೆ ಹೊಯ್ದಾಡಿತು. ಅಪ್ಪನ ಪಕ್ಕ ನಿಂತಿದ್ದ ಮಿಸ್ರಿಯಾ ತನ್ನ ದಪ್ಪ ಅಂಗೈಯನ್ನು ಅವರ ಜೇಬಿನ ಮೇಲೆ ಅಡ್ಡ ಇಟ್ಟು, ಆಚೆ ದಡ ಬರುವವರೆಗೂ ಹಾಗೇ ಒತ್ತಿ ಹಿಡಿದುಕೊಂಡಿದ್ದಳು.